ಫರ್ನೇಸ್ ಆರದ ಆಯುಧಪೂಜೆ

2003ರಲ್ಲಿ, ಒಂಬತ್ತನೇ ತರಗತಿಯ ನಡುವೆ, ನಾನು ಶಾಲೆ ಬಿಟ್ಟೆ. ಕೋಣನಕುಂಟೆಯ ಒಂದು ಶೆಡ್ಡಿನಲ್ಲಿ ಲೆನ್ಸ್ ಉಜ್ಜುವ ಕೆಲಸಕ್ಕೆ ಸೇರಿದವನು ಇವತ್ತಿಗೂ ಅಲ್ಲೇ ಇದ್ದೇನೆ. ಈಗ ಹರಳು ಬೆಳೆಸುತ್ತೇನೆ. ಸತು, ಜರ್ಮೇನಿಯಂ, ರಂಜಕ ಬೆರೆತದ್ದನ್ನು ಕೊಳವೆಯಲ್ಲಿ ಮುಚ್ಚಿ, ಫರ್ನೇಸಿನಲ್ಲಿ ಕರಗಿಸಿ, ಒಂದು ತುದಿಯಲ್ಲಿಟ್ಟ ಬೀಜದ ಹರಳಿನಿಂದ ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗಲು ಬಿಡಬೇಕು. ನೋಡಲು ಕಪ್ಪು ಕಲ್ಲು. ಲೇಸರ್ ಹಾಯಿಸಿದರೆ ಕಣ್ಣಿಗೆ ಕಾಣದ ಬೇರೊಂದು ಬೆಳಕಾಗಿ ಆಚೆ ಬರುತ್ತದೆ. ಗಾಳಿಯಲ್ಲಿ ಸೇರಿದ ವಿಷಾನಿಲ ಪತ್ತೆಹಚ್ಚಲು ಆ ಬೆಳಕು ಬೇಕು.

ಮೊದಲು ಬೆಳೆಸಿದ ನಾಲ್ಕೂ ಬಿರುಕು ಬಿಟ್ಟವು. ಐದನೆಯದೂ ಹೋದರೆ ಫರ್ನೇಸ್ ಮಾರಿ ಮತ್ತೆ ಲೆನ್ಸಿಗೇ ಇಳಿಯೋಣ ಎಂದರು ಮಾಲೀಕರು. ನಾನು ಬಿಡುವವನಲ್ಲ. ಪಕ್ಕದ ಶೆಡ್ಡಿನ ಪವರ್ ಪ್ರೆಸ್ ತಗಡು ಕುಟ್ಟುವಾಗ ನಮ್ಮ ನೆಲ ಅದುರುತ್ತಿತ್ತು. ನನ್ನ ಅನುಮಾನವೆಲ್ಲ ಅದರ ಮೇಲೆ. ಇಡೀ ರಸ್ತೆಯ ಮೆಷಿನ್ನುಗಳು ಒಟ್ಟಿಗೆ ನಿಲ್ಲುವುದು ದೊಡ್ಡ ಹಬ್ಬಗಳಿಗೆ ಮಾತ್ರ; ಮುಂದಿದ್ದದ್ದು ಆಯುಧಪೂಜೆ. ಕರಗಿದ್ದು ಬೀಜಕ್ಕೆ ಕಚ್ಚಿಕೊಳ್ಳುವ ನಾಜೂಕಿನ ಹೊತ್ತು ಆ ರಜೆಗೇ ಬೀಳುವಂತೆ ಲೆಕ್ಕ ಹಾಕಿ ಫರ್ನೇಸ್ ಹಾಕಿದೆ.

ಹಬ್ಬದ ಬೆಳಿಗ್ಗೆ ಪದ್ಮನಾಭನಗರದಿಂದ ಮಾಲೀಕರ ತಾಯಿ ಆಟೋದಲ್ಲಿ ಬಂದರು, ತೊಡೆಯ ಮೇಲೆ ಬೂದುಗುಂಬಳ. ಪ್ರತಿ ವರ್ಷ ಅದನ್ನು ಒಡೆಯುವುದು ಶೆಡ್ಡಿನ ಒಳಗೆ, ಫರ್ನೇಸಿನ ಎದುರಿಗೇ. ನಾನು ಬಾಗಿಲಿಗೆ ಅಡ್ಡ ನಿಂತೆ. ಒಳಗಿರುವುದು ಹಸುಗೂಸಿನ ಹಾಗೆ, ಈಗ ನೆಲ ಅದುರಬಾರದು ಎಂದೆ. ಹೋದ ಹರಳುಗಳೆಲ್ಲ ದೃಷ್ಟಿ ತಾಗಿಯೇ ಒಡೆದದ್ದು ಎಂದು ಅವರ ವಾದ.

"ಮಗು ಮಲಗಿದೆ ಅಂತ ಯಾರಾದ್ರೂ ಹಬ್ಬ ನಿಲ್ಲಿಸ್ತಾರೇನೋ?" ಎಂದರು ತಾಯಿ.

"ನಿಲ್ಲಿಸಲ್ಲ ಅಮ್ಮ. ಆದ್ರೆ ತೊಟ್ಟಿಲ ಪಕ್ಕ ಯಾರೂ ಭತ್ತ ಕುಟ್ಟಲ್ಲ. ಎಲ್ಲಿ ಬೇಕಾದ್ರೂ ಒಡೀರಿ, ಇಲ್ಲಿ ಬಿಡಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ನೀನೇ ಹೊರು. ನನ್ನ ಸೊಂಟ ಹಿಡ್ಕೊಂಡಿದೆ."

ರಸ್ತೆಯ ಕೊನೆಯ ಟ್ರಾನ್ಸ್‌ಫಾರ್ಮರ್ ತನಕ ಹೊತ್ತೆ. ನನ್ನ ಹಟವನ್ನು ಬೈಯುತ್ತಲೇ ಅವರು ಆರತಿ ತಟ್ಟೆ ಹಿಡಿದು ಹಿಂದೆ ಬಂದರು. ಅಲ್ಲೇ ಒಡೆದೆವು. ವಾಪಸ್ ಬಂದು, ಫರ್ನೇಸಿನ ಹೊರಮೈಗೆ ಬೆರಳ ತುದಿಯಲ್ಲಿ ಮೆಲ್ಲಗೆ ಕುಂಕುಮ ಇಟ್ಟರು.

ದೀಪಾವಳಿ ಕಳೆದ ಮೇಲೆ ಕೊಳವೆ ಕತ್ತರಿಸಿದೆವು. ಬಿರುಕಿರಲಿಲ್ಲ. ಕೊಯ್ದು, ಉಜ್ಜಿ, ಲೇಸರಿನ ಮುಂದೆ ತಿರುಗುವ ಪೀಠದ ಮೇಲೆ ಕೂರಿಸಿದೆ. ಕೂದಲೆಳೆಯಷ್ಟು ತಿರುಗಿಸಿದರೂ ಆಚೆ ಬರುವ ಬೆಳಕು ಬದಲಾಗುತ್ತದೆ. ಬೇಕಾದ ಬೆಳಕು ಸಿಗುವ ತನಕ ಎಳೆಯೆಳೆಯಾಗಿ ತಿರುಗಿಸಿದೆ. ಆ ಬೆಳಕನ್ನು ಅಳೆಯುವ ಮೀಟರಿನ ಮುಳ್ಳು ಎದ್ದಿತು.

ಮಾಲೀಕರು ಮತ್ತೆ ಮಾರುವ ಮಾತೆತ್ತಲಿಲ್ಲ. ಇಂದಿಗೂ ಬೀಜ ಕಚ್ಚಿಸುವುದು ರಸ್ತೆ ಸುಮ್ಮನಿರುವ ರಜೆಗಳಲ್ಲೇ. ಈಗ ನನ್ನ ಕೈಯಲ್ಲಿ ಎರಡು ಫರ್ನೇಸ್, ಒಂದು ತಿರುಗುವ ಪೀಠ, ಬಿರುಕು ಬಿಟ್ಟ ಹರಳು ನಾಲ್ಕು, ಬಿರುಕಿಲ್ಲದವು ಏಳು.