ಆಪಾ ಬಿಟ್ಟುಕೊಟ್ಟ ಲೈಬ್ರರಿ

ಮೊನ್ನೆ ಡಫಳಾಪುರಕ್ಕೆ, ಅಣ್ಣನ ದಾಳಿಂಬೆ ತೋಟಕ್ಕೆ ಹೋಗಿದ್ದೆ. ಹಕ್ಕಿ ಬೆದರಲೆಂದು ಗಿಡಗಳಿಗೆ ಮನೆಯಲ್ಲಿ ಬಿದ್ದಿದ್ದ ನನ್ನ ಹಳೆಯ ಸಿಡಿಗಳನ್ನು ಕಟ್ಟಿದ್ದಾನೆ. ಅದರಲ್ಲೊಂದು ಗಾಳಿಗೆ ತಿರುಗಿ, ಅದರ ಹೊಳಪು ಕಣ್ಣಿಗೆ ಹೊಡೆಯಿತು. ಹಿಡಿದು ನೋಡಿದರೆ ಆಪಾ ಅವರ ಕೈಬರಹ: ‘ಲೈಬ್ರರಿ. ನಂದು.’

ಎರಡು ಸಾವಿರದ ಏಳೋ ಎಂಟೋ ಇರಬೇಕು… ಆಪಾ ಜತ್ತದಲ್ಲಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದರು. ನಮ್ಮ ಓಣಿಯವರೇ; ಮುಸ್ಲಿಮರ ಮನೆಗಳಲ್ಲಿ ಅಕ್ಕನಿಗೆ ಆಪಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಅಪ್ಪ ಸೊರಡಿಯ ಕುರಿಗಾರರ ಕಂಬಳಿ ಮಾರುತ್ತಿದ್ದರು. ಅದಕ್ಕೊಂದು ವೆಬ್‌ಸೈಟ್ ಕಟ್ಟಲು ನಾವಿಬ್ಬರೂ ಕೂತೆವು. ಎಲ್ಲವನ್ನೂ ನಾವೇ ಬರೆಯುವಷ್ಟು ಶಾಣ್ಯಾರಲ್ಲ. ಯಾರೋ ಬರೆದಿಟ್ಟ ಕೋಡಿನ ಗಂಟು, ಅಂದರೆ ಜಾವಾಸ್ಕ್ರಿಪ್ಟ್ ಲೈಬ್ರರಿ, ತಂದು ಹಚ್ಚಬೇಕು. ಆಪಾಗೆ ಒಂದು ಮನಸ್ಸಿಗೆ ಬಂತು, ನನಗೆ ಇನ್ನೊಂದು. ಅವರದರಿಂದ ಕಂಬಳಿಯ ಚಿತ್ರಗಳು ಸರಿಯುತ್ತಿದ್ದವು, ನನ್ನದರಿಂದ ಮೆನು ಬಿಚ್ಚುತ್ತಿತ್ತು. ಎರಡನ್ನೂ ಹಚ್ಚಿದರೆ ಮೆನು ನಡೆದಾಗ ಚಿತ್ರ ನಿಲ್ಲುತ್ತಿತ್ತು. ಕೋಡಿನ ತುಂಬ ಡಾಲರ್ ಗುರುತು ಕಂಡು, ಅಮೆರಿಕಕ್ಕೆ ರೊಕ್ಕ ಕಟ್ಟದ್ದಕ್ಕೇ ಹೀಗಾಗಿದೆ ಎಂದು ನಾನು ಹೆದರಿದ್ದೆ.

ಆಪಾ ಬಿದ್ದು ಬಿದ್ದು ನಕ್ಕರು. “ರೊಕ್ಕ ಅಲ್ಲ ಹುಚ್ಚಿ, ಅದು ಹೆಸರು. ಎರಡೂ ಲೈಬ್ರರಿಗೆ ಅದs ಹೆಸರು. ನಮ್ಮ ಓಣ್ಯಾಗ ನಿಂತು ‘ಆಪಾ’ ಅಂತ ಕರದ್ರ ನಾಕ ಮಂದಿ ಹೊಳ್ಳಿ ನೋಡ್ತಾರಲ್ಲ, ಹಂಗ.”

ಒಂದನ್ನೇ ಇಟ್ಟುಕೊಳ್ಳಬೇಕಾಯಿತು. ನಂದು, ನಿಂದು ಎಂದು ವಾರಗಟ್ಟಲೆ ಜಗ್ಗಾಡಿದೆವು. ಒಂದು ದಿನ ಅಂಗಡಿಗೆ ಹೋದರೆ, ಆಪಾ ತಮ್ಮದನ್ನು ತೆಗೆದುಹಾಕಿ, ಚಿತ್ರಗಳನ್ನೂ ನನ್ನ ಲೈಬ್ರರಿಯಲ್ಲೇ ಕೂಡಿಸಿಟ್ಟಿದ್ದರು.

“ಯಾಕ್ರಿ ಆಪಾ?”

“ಮುಂದ ಇದನ್ನ ನೋಡ್ಕೊಳ್ಳಾಕಿ ನೀನs. ನಿನಗ ತಿಳಿಯೂದು ಇರ್ಲಿ,” ಎಂದು ತಮ್ಮ ಸಿಡಿಯನ್ನು ನನ್ನ ಕೈಗಿಟ್ಟರು.

ಗೆದ್ದೆನೆಂದು ಹಿಗ್ಗಿದೆ. ಸೊಲ್ಲಾಪುರದ ಕಡೆ ಅವರ ಮದುವೆ ಗೊತ್ತಾಗಿತ್ತೆಂದು ತಿಳಿದದ್ದು ಆಮೇಲೆ…

ನನ್ನ ಲೈಬ್ರರಿಯನ್ನು ಈಗ ಕೇಳುವವರಿಲ್ಲ. ಅವರದು ಜಗತ್ತೆಲ್ಲ ಹಬ್ಬಿತು. ಒಂದಕ್ಕೆ ಬೇರೆ ಹೆಸರಿಟ್ಟು ಕರೆದಿದ್ದರೆ ಎರಡೂ ಒಂದೇ ಪುಟದಲ್ಲಿ ಬಾಳುತ್ತಿದ್ದವೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಆಪಾಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ನನಗಾಗಿ ತಮ್ಮದನ್ನು ಬಿಟ್ಟರೋ… ಕೇಳೋಣವೆಂದರೆ, ಮದುವೆಯಾದ ಕೆಲವೇ ವರ್ಷಗಳಲ್ಲಿ ಜ್ವರ ಬಂದು ತೀರಿಕೊಂಡರು. ಇವತ್ತಿಗೂ ನನಗೆ ಬಗೆಹರಿದಿಲ್ಲ, ಬಗೆಹರಿಯದ್ದಕ್ಕೆ ಸಿಟ್ಟೂ ಬರುತ್ತದೆ.

ತೋಟದಲ್ಲಿ ಆ ಸಿಡಿ ಹಿಡಿದು ನಿಂತವಳು ನನಗರಿವಿಲ್ಲದೆ “ಆಪಾ…” ಎಂದುಬಿಟ್ಟೆ. ಹಣ್ಣು ಕೀಳುತ್ತಿದ್ದ ಹೆಣ್ಣುಮಕ್ಕಳಲ್ಲಿ ಇಬ್ಬರು ಹೊಳ್ಳಿ ನೋಡಿದರು.

“ಏನ್ರಿ ಅಕ್ಕಾರ?”

“ನಿಮಗಲ್ರಿ,” ಎಂದೆ.