ಚೂಡಾಮಣಿಯ ಬಿಸಿ ಬಟ್ಟೆ

ಚೂಡಾಮಣಿ ತೀರಿಕೊಂಡ ಮೇಲೆ ಮಂಡ್ಯದಲ್ಲಿ ಅವಳ ಬಗ್ಗೆ ಒಳ್ಳೆಯ ಮಾತುಗಳು ಕೇಳಿಬರುತ್ತಿವೆ. ಬದುಕಿದ್ದಾಗ ಆಡಿದ್ದೇ ಬೇರೆ. ನರ್ಸಾಗಲು ಮೈಸೂರಿಗೆ ಹೊರಟಾಗ ಮಳವಳ್ಳಿಯ ಮನೆಯಲ್ಲಿ ಅವಳ ತಂದೆ ಪಾರ್ಥಸಾರಥಿ ಅಯ್ಯಂಗಾರ್ಯರು, "ಕಂಡವರ ರಕ್ತ ಮುಟ್ಟಿದ ಕೈಯಲ್ಲಿ ನನ್ನ ದೇವರ ಪಾತ್ರೆ ಮುಟ್ಟಬೇಡ" ಎಂದಿದ್ದರು. ಅವಳು ಮುಟ್ಟಲಿಲ್ಲ. ಹಬ್ಬಕ್ಕೆ ಹೋದಾಗಲೂ ಜಗಲಿಯಲ್ಲೇ ಊಟ ಮಾಡಿ ಬರುತ್ತಿದ್ದಳು.

೧೯೭೩ರ ಹೊತ್ತಿಗೆ ಅವಳು ಮಂಡ್ಯದ ಒಂದು ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳ ಕೋಣೆ ನೋಡಿಕೊಳ್ಳುತ್ತಿದ್ದಳು. ಕೂಸು ಹಳದಿಯಾದರೆ ಕಾಮಾಲೆ ಎಷ್ಟಿದೆಯೆಂದು ತಿಳಿಯಲು ಹಿಮ್ಮಡಿ ಚುಚ್ಚಿ ರಕ್ತ ತೆಗೆಯಬೇಕು. ತಣ್ಣನೆಯ ಹಿಮ್ಮಡಿಯಿಂದ ರಕ್ತ ಬರುವುದಿಲ್ಲ, ಹಿಂಡಬೇಕಾಗುತ್ತದೆ. ಚೂಡಾಮಣಿ ಹಿಂಡುತ್ತಿರಲಿಲ್ಲ. ಹಳೆಯ ಪಂಚೆಯ ತುಂಡನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ತನ್ನ ಕೆನ್ನೆಗೆ ಒತ್ತಿ ಬಿಸಿ ನೋಡಿಕೊಂಡು, ಹೆಬ್ಬೆರಳಿನಷ್ಟಿದ್ದ ಆ ಪಾದಕ್ಕೆ ಸುತ್ತಿ ಕಾಯುತ್ತಿದ್ದಳು. ಹಿಮ್ಮಡಿ ಕೆಂಪಗಾದ ಮೇಲೆ ಚುಚ್ಚಿದರೆ ಹನಿ ತಾನಾಗಿ ಬರುತ್ತಿತ್ತು. ಎಷ್ಟೋ ಕೂಸುಗಳಿಗೆ ಎಚ್ಚರವೂ ಆಗುತ್ತಿರಲಿಲ್ಲ. ಅವಳ ಬದುಕಿನಲ್ಲಿ ಇದು ನನ್ನದು ಎಂದು ಹೇಳಿಕೊಳ್ಳುವಂಥದ್ದು ಇದೊಂದೇ ಇತ್ತು.

ಆ ಚಳಿಗಾಲದಲ್ಲಿ ಚಿಕ್ಕರಸಿನಕೆರೆಯ ಯಶೋದಮ್ಮನ ಮಗುವಿಗೆ ಕಾಮಾಲೆಯಾಗಿತ್ತು. ಯಶೋದಮ್ಮನ ತಾಯಿ ಹೊಂಬಾಳಮ್ಮ ಕೋಣೆಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

"ಏನವ್ವ ನರ್ಸಮ್ಮ, ಮಗೀಗೆ ಕಾವು ಕೊಡ್ತಾ ಇದ್ದೀಯಾ?"

"ಹೂಂ ಕಣಮ್ಮ, ಚುಚ್ಚಿದಾಗ ರಕ್ತ ಸಲೀಸಾಗಿ ಬರಲಿ ಅಂತ."

"ಅಂಗನ್ನು ಮತ್ತೆ! ಕಾಮಾಲೆ ಬಿಸಿ ತಾಗಿಸ್ದೆ ಓಗಾಕಿಲ್ಲ ಅಂತ ನಮ್ಮ ಯಶೋದಂಗೆ ಬಡ್ಕೊಂಡೆ. ಆಸ್ಪತ್ರೇಲಿ ಅಂಗೆಲ್ಲ ಮಾಡಾಕಿಲ್ಲ ಅಂದ್ಲು ಮೂದೇವಿ."

"ಇದು ಕಾಮಾಲೆಗೆ ಔಷಧಿ ಅಲ್ಲಮ್ಮ. ಮನೇಲಿ ಬರೆಗಿರೆ ಹಾಕ್ಬಿಟ್ಟೀರ, ಜೋಕೆ!"

"ಬುಡವ್ವ, ಒಟ್ಟೆ ಮ್ಯಾಲೆ ಬರೆ ಆಕೋದು ನಮ್ಮತ್ತೆ ಕಾಲಕ್ಕೇ ಮುಗೀತು. ಮಕ್ಳೆಷ್ಟು ನಿಂಗೆ?"

"ಇಲ್ಲ. ಮದುವೆಯಾಗಿಲ್ಲ."

"ಅದ್ಕೇಯ, ಒಂದೊಂದು ಕಾಲಿಗೂ ಇಷ್ಟೊತ್ತು ಕೂತ್ಕತೀಯೆ."

ಚೂಡಾಮಣಿ ನಕ್ಕಳು. ಮಗುವಿನ ಹಳದಿ ಇಳಿಯಿತು. ತಾಯಿ ಮಗು ಊರಿಗೆ ಹೋದರು.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಹೊಂಬಾಳಮ್ಮ ಮಗುವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿಳಿದು ಓಡಿಬಂದಳು. ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು. ಚೂಡಾಮಣಿ ಮೊದಲು ಹೊಟ್ಟೆ ನೋಡಿದಳು. ಹಳ್ಳಿಯ ಬರೆ ಬೀಳುತ್ತಿದ್ದದ್ದು ಅಲ್ಲಿ. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಆಮೇಲೆ ಕಾಲು ಬಿಚ್ಚಿದಳು. ಎರಡು ಹಿಮ್ಮಡಿಗಳೂ ಸುಟ್ಟು ಕರಕಲಾಗಿ, ಒಳಗಿನಿಂದ ಕೀವು ಒಸರುತ್ತಿತ್ತು.

"ಒಟ್ಟೆ ಮುಟ್ನಿಲ್ಲ ಕಣವ್ವ," ಎಂದಳು ಹೊಂಬಾಳಮ್ಮ. "ಕಣ್ಣು ತಿರ್ಗಾ ಅಳ್ದಿ ಆಯ್ತು. ನೀನು ಕಾವು ಕೊಟ್ಟ ಜಾಗಕ್ಕೇ ಕೊಟ್ಟೆ. ಬಟ್ಟೆ ಬಿಸಿ ಸಾಲ್ದು ಅಂತ ಅರಿಸಿನ ಕೊಂಬು ಕಾಯಿಸ್ದೆ."

ರಕ್ತ ತೆಗೆಯಬೇಕಾಗಿತ್ತು. ಚುಚ್ಚಲು ಹಿಮ್ಮಡಿಯೇ ಉಳಿದಿರಲಿಲ್ಲ. ನಂಜು ಏರಿ ಮಗು ಮರುದಿನ ಹೋಯಿತು.

ಡಾಕ್ಟರ್ ಸಂಪತ್ ಕುಮಾರ್ ಚೂಡಾಮಣಿಯನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಹೆದರಿದ್ದರು.

"ಸಿಸ್ಟರ್, ನಿಮ್ಮ ಬಿಸಿ ಬಟ್ಟೆ ಇವತ್ತಿಗೆ ಸಾಕು."

"ಬಟ್ಟೆಯಿಂದ ಸತ್ತಿಲ್ಲ ಡಾಕ್ಟ್ರೇ."

"ನಂಗೊತ್ತು. ಆದ್ರೆ ಜನ ಕಣ್ಣಲ್ಲಿ ಕಂಡದ್ದನ್ನೇ ಮಾಡ್ತಾರೆ."

"ಕಿಟಕಿಗೆ ಪರದೆ ಹಾಕಿ ಮಾಡ್ತೀನಿ."

"ಮುಚ್ಚಿ ಮಾಡಿದ್ರೆ ಅದಿನ್ನೂ ದೊಡ್ಡ ಔಷಧಿ ಅಂದ್ಕೋತಾರೆ."

ಬಟ್ಟೆಗೆ ನೀರು ಕಾಯಿಸುತ್ತಿದ್ದ ಸ್ಟವ್ವು ಅಂದೇ ಕೋಣೆಯಿಂದ ಹೊರಗೆ ಹೋಯಿತು. ಅಂಗೈ ಉಜ್ಜಿ ಹಿಮ್ಮಡಿಗೆ ಹಿಡಿದು ನೋಡಿದಳು. ಸದಾ ನೀರಿನಲ್ಲಿ ನೆನೆಯುವ ಕೈ ಕೂಸಿನ ಪಾದಕ್ಕಿಂತ ತಣ್ಣಗಿತ್ತು. ಎಲ್ಲರಂತೆ ಅವಳೂ ಹಿಂಡಲು ಕಲಿತಳು. ಹೆಬ್ಬೆರಳು ಒತ್ತಿದ ಕಡೆ ನೀಲಿ ಕಟ್ಟುತ್ತಿತ್ತು. ಹಳ್ಳಿಗಳಿಂದ ಬರೆ ಹಾಕಿಸಿಕೊಂಡ ಮಕ್ಕಳು ಬರುವುದು ಮಾತ್ರ ನಿಲ್ಲಲಿಲ್ಲ. ಮೊದಲಿನ ಹಾಗೆ ಬರೆ ಹೊಟ್ಟೆಯ ಮೇಲೆಯೇ ಇರುತ್ತಿತ್ತು.

ಎರಡು ವರ್ಷದ ಮೇಲೆ ಯಶೋದಮ್ಮ ಮತ್ತೆ ಹೆತ್ತಳು. ಅದೇ ಕೋಣೆ, ಅದೇ ಹಳದಿ. ಕಿಟಕಿಯಲ್ಲಿ ಹೊಂಬಾಳಮ್ಮ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಈ ಸಲ ಯಾರೂ ಯಾವ ಬಿಸಿಯನ್ನೂ ತಾಗಿಸಿರಲಿಲ್ಲ. ಚೂಡಾಮಣಿ ತಣ್ಣನೆಯ ಹಿಮ್ಮಡಿ ಚುಚ್ಚಿ ಹಿಂಡತೊಡಗಿದಾಗ ಕೂಸು ಉಸಿರು ಕಟ್ಟುವ ಹಾಗೆ ಕಿರುಚಿಕೊಂಡಿತು.

"ಯಾಕವ್ವ, ಆವತ್ತಿನ ಬಿಸಿ ಬಟ್ಟೆ ಎಲ್ಲೋಯ್ತು?" ಹೊಂಬಾಳಮ್ಮ ಸರಳು ಹಿಡಿದು ಕೇಳಿದಳು. "ನನ್ನ ಮ್ಯಾಲಿನ ಸಿಟ್ಟು ಮಗೀ ಮ್ಯಾಲೆ ತೀರಿಸ್ಕತೀಯಾ? ನಾನು ನಿಂತದ್ದಕ್ಕಾ? ಓಯ್ತೀನಿ ಬುಡು, ನೋಡಾಕಿಲ್ಲ. ಬಟ್ಟೆ ಸುತ್ತವ್ವ."

ಅವಳು ನಿಜವಾಗಿಯೂ ಕಿಟಕಿಗೆ ಬೆನ್ನು ಮಾಡಿ ನಿಂತಳು.

ರಕ್ತ ಇನ್ನೂ ಸಾಲದಾಗಿತ್ತು. ಚೂಡಾಮಣಿ ಮತ್ತೆ ಹಿಂಡಿದಳು.