ಚಾಚಾ ಒಡ್ಡಿದ ಕೆನ್ನೆ

ಕಳೆದ ವಾರ ಮಲಾಡ್ ಸ್ಟೇಷನ್ನಿನ ಹೊರಗೆ ಒಬ್ಬಳು ಮುದುಕಿ ಗೋಣಿಚೀಲದ ಮೇಲೆ ಪಟಿಕದ ಗಡ್ಡೆಗಳನ್ನು ಹರಡಿಕೊಂಡು ಕೂತಿದ್ದಳು. "ಫಿಟ್ಕರಿ, ಫಿಟ್ಕರಿ" ಎಂದು ಕೂಗುತ್ತಿದ್ದಳು. ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಪಟಿಕಕ್ಕೆ ವಾಸನೆ ಇಲ್ಲ ಎನ್ನುತ್ತಾರೆ. ನನಗೆ ಮಾತ್ರ ಸಾಬೂನಿನ ನೊರೆ, ಒದ್ದೆ ಕಲ್ಲು, ಎಣ್ಣೆ ಕುಡಿದ ಚರ್ಮ... ಎಲ್ಲವೂ ಒಟ್ಟಿಗೆ ಬಂದವು. ಗಡ್ಡೆಯನ್ನು ಇಟ್ಟು ಬೇಗಬೇಗ ಮುಂದೆ ನಡೆದೆ.

ಮಲಾಡಿಗೆ ಬರುವ ಮೊದಲು ಅಪ್ಪ ಮತ್ತು ನಾನು ಮುಂಬೈಯ ಆಂಟಾಪ್ ಹಿಲ್‌ನಲ್ಲಿದ್ದೆವು. ಅಮ್ಮ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಉಡುಪಿ ಕಡೆಯಿಂದ ಬಂದ ಅಪ್ಪ ಬೈಕುಲ್ಲಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಗಡ್ಡ ಬಿಟ್ಟ ಅಪ್ಪನನ್ನು ಅಲ್ಲಿಯವರೆಗೆ ನಾನು ಕಂಡದ್ದು ಎರಡೇ ಸಲ, ಅಜ್ಜ ಹೋದಾಗ ಮತ್ತು ಅಮ್ಮ ಹೋದಾಗ. ಅವರ ಲೆಕ್ಕದಲ್ಲಿ ಗಡ್ಡವೆಂದರೆ ಸೂತಕ.

ನಮ್ಮ ಬಿಲ್ಡಿಂಗಿನ ಮೂಲೆಯಲ್ಲಿ ಎರಡು ಕುರ್ಚಿಯ ಕ್ಷೌರದ ಅಂಗಡಿ ಇತ್ತು. ಅದರ ಯಜಮಾನರು ವಿಜಯಪುರದ ಆಚೆಯ ಒಂದು ಹಳ್ಳಿಯವರು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಎಲ್ಲರಿಗೂ ಅವರು ಚಾಚಾ. ಬಂದ ಗಿರಾಕಿಗಳಿಗೆಲ್ಲ ಬ್ಲೇಡು ಸಿಕ್ಕಿಸುವ ಉಸ್ತರಾ ಹಿಡಿಯುತ್ತಿದ್ದ ಚಾಚಾ, ಅಪ್ಪನಿಗೆ ಮಾತ್ರ ಬೇರೆಯೇ ಇಟ್ಟಿದ್ದ ಹಳೆಯ ಉಕ್ಕಿನ ಕತ್ತಿ ತೆಗೆಯುತ್ತಿದ್ದರು. ಮೂವತ್ತು ವರ್ಷ, ದಿನ ಬಿಟ್ಟು ದಿನ, ಅದೇ ಕೈ, ಅದೇ ಕತ್ತಿ.

ಒಂದು ಬೆಳಿಗ್ಗೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಸತ್ತಂತಾಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನೇ ಸಾಮಾನ್ಯ ರೇಜರಿನಲ್ಲಿ ಗಡ್ಡ ತೆಗೆಯಲು ಹೋದೆ. ಜೋತುಬಿದ್ದ ಕೆನ್ನೆಯ ಮಡಿಕೆಯಲ್ಲಿ ಅದು ಸಿಕ್ಕಿಕೊಂಡು ರಕ್ತ ಬಂತು. ಮಷಿನ್ ತಂದರೆ ಅದರ ಸದ್ದಿಗೆ ಬೆಚ್ಚಿ ಎಡಗೈಯಿಂದ ತಳ್ಳಿದರು. ಆಮೇಲೆ ಕನ್ನಡಿಯತ್ತ ನೋಡಿ ತಮ್ಮ ಗಡ್ಡವನ್ನೇ ಸವರಿಕೊಳ್ಳುತ್ತ ಅತ್ತರು. ತಮ್ಮದೇ ಸೂತಕ ಹಿಡಿದವರ ಹಾಗೆ.

ಕರೆಯದಿದ್ದರೂ ಚಾಚಾ ಬಂದರು. ನಾಲ್ಕು ಮಾಳಿಗೆ ಹತ್ತಿ, ಕತ್ತಿ, ಕಲ್ಲು, ಚರ್ಮದ ಪಟ್ಟಿ ಹಿಡಿದುಕೊಂಡು. ಅಪ್ಪ ಅವರ ಕೈಗೆ ಮುಖ ಒಪ್ಪಿಸಿ ಕಣ್ಣು ಮುಚ್ಚಿದರು. ಹೀಗೆ ಐದಾರು ತಿಂಗಳು ನಡೆಯಿತು.

ಒಂದು ದಿನ ಅಪ್ಪನ ಕುತ್ತಿಗೆಯ ಹತ್ತಿರ ಕತ್ತಿ ತಂದವರು ಹಾಗೇ ನಿಂತುಬಿಟ್ಟರು. ಕತ್ತಿಯ ತುದಿ ಸಣ್ಣಗೆ ಅಲುಗುತ್ತಿತ್ತು. ಕತ್ತಿಯನ್ನು ಮಡಚಿ ನನ್ನನ್ನು ಅಡುಗೆಮನೆಗೆ ಕರೆದರು.

"ಕೈ ನನ್ನ ಮಾತ ಕೇಳವಲ್ದು ಯವ್ವಾ. ಅಂಗಡ್ಯಾಗ ಹೆಂಗರ ನಡಸ್ತೀನಿ. ಸಾಹೇಬ್ರ ಕುತ್ತಿಗಿ ಮ್ಯಾಲ ಬ್ಯಾಡ. ನೀ ಕಲಿ."

ಹೆಂಗಸು, ಕತ್ತಿ, ಅದೂ ಅಪ್ಪನ ಕುತ್ತಿಗೆ. ನಾನು ಆಗುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ.

ಮರುದಿನದಿಂದ ಬೆಳಿಗ್ಗೆ ಆರೂವರೆಗೆ ನಮ್ಮ ಅಡುಗೆಮನೆಯಲ್ಲೇ ಪಾಠ. ಮೊದಲ ಎರಡು ವಾರ ಬರೀ ಮಸೆಯುವುದು. ಕಲ್ಲಿಗೆ ನೀರು ಹಾಕಿ ಕತ್ತಿಯನ್ನು ಪೂರ್ತಿ ಮಲಗಿಸಬೇಕು, ಬೆನ್ನೂ ಹರಿತವಾದ ಬಾಯಿಯೂ ಕಲ್ಲಿಗೆ ತಾಗಿರಬೇಕು. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗಬೇಕು, ಚರ್ಮದ ಮೇಲೆ ಬೆನ್ನು ಮುಂದಾಗಿ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಕಿಟಕಿಯ ಗ್ರಿಲ್ಲಿಗೆ ಕಟ್ಟಿದ್ದ ಅವರ ಪಟ್ಟಿಗೆ ನಾನು ಮೂರು ಕಡೆ ಕಚ್ಚು ಹಾಕಿದೆ. ಅವರು ಬೈಯಲಿಲ್ಲ. "ಒತ್ತಬ್ಯಾಡ. ಅದರ ಭಾರ ಅದಕ್ಕ ಸಾಕು" ಎನ್ನುತ್ತಿದ್ದರು. ಆಫೀಸಿಗೆ ಹೋಗುವ ಲೋಕಲ್ಲಿನಲ್ಲಿ ನಿಂತಾಗಲೂ ನನ್ನ ಮಣಿಕಟ್ಟು ತಾನಾಗಿ ಹೊರಳುತ್ತಿತ್ತು.

ಮೂರನೆಯ ವಾರ ಅವರು ಸ್ಟೂಲಿನ ಮೇಲೆ ಕೂತು, ತಾವೇ ನೊರೆ ಹಚ್ಚಿಕೊಂಡು ಮುಖ ಮೇಲೆತ್ತಿದರು.

"ಗಲ್ಲ ಬಿಗಿ ಹಿಡಿ."

ನಾನು ಅವರ ಗದ್ದ ಹಿಡಿದೆ. ನಮ್ಮ ಕಡೆ ಗಲ್ಲವೆಂದರೆ ಅದೇ. ಅವರು ನಕ್ಕು ನನ್ನ ಬೆರಳುಗಳನ್ನು ತೆಗೆದು ಕೆನ್ನೆಯ ಮೇಲೆ ಇಟ್ಟುಕೊಂಡರು. ಆ ನಗುವಿಗೆ ಚರ್ಮ ಅಲುಗಿತು, ಕತ್ತಿ ತಾಗಿತು. ನೊರೆಯಲ್ಲಿ ಕೆಂಪು ಗೆರೆ ಮೂಡಿತು. ನಾನು ಕತ್ತಿಯನ್ನು ಸಿಂಕಿಗೆ ಹಾಕಿ ಅಳತೊಡಗಿದೆ. ಅವರು ಪಟಿಕದ ಚೂರನ್ನು ಒದ್ದೆ ಮಾಡಿ ಗಾಯಕ್ಕೆ ಒತ್ತಿಕೊಂಡು, "ಇನ್ನೊಂದ ಕಡೆ ಐತಲ್ಲ" ಎಂದರು.

ಒಂದು ತಿಂಗಳು ಆ ಮುಖದ ಮೇಲೆ ನಾನು ಕಲಿತೆ. ಅಷ್ಟು ದಿನವೂ ಅಪ್ಪನ ಗಡ್ಡ ಬೆಳೆಯುತ್ತಲೇ ಇತ್ತು. ಎಷ್ಟು ಗೀರು ಬಿದ್ದವೋ... ಒಂದು ಸೋಮವಾರ, ಅವರ ಅಂಗಡಿಗೆ ರಜೆಯ ದಿನ, ಎರಡೂ ಕೆನ್ನೆ, ಮೇಲ್ದುಟಿ, ಕುತ್ತಿಗೆ, ಎಲ್ಲೂ ಒಂದು ಹನಿ ರಕ್ತ ಬರಲಿಲ್ಲ. ಚಾಚಾ ಮುಖ ಸವರಿಕೊಂಡು ಎದ್ದು ಅಪ್ಪನ ಕೋಣೆಗೆ ಹೋದರು. ನಾನು ಹಿಂದೆ ಹೋದೆ. ಕತ್ತಿ ನನ್ನ ಕೈಯಲ್ಲಿ ಕಂಡು ಅಪ್ಪ ಮುಖ ಗೋಡೆಗೆ ತಿರುಗಿಸಿದರು. ಚಾಚಾ ಬಗ್ಗಿ ಅವರ ಎಡಗೈ ಹಿಡಿದು, ಈಗಷ್ಟೇ ಬೋಳಿಸಿದ ತಮ್ಮ ಕೆನ್ನೆಯ ಮೇಲೆ ಇಟ್ಟುಕೊಂಡರು.

"ಮುಟ್ಟಿ ನೋಡ್ರಿ ಸಾಹೇಬ್ರ. ನಿಮ್ಮ ಮಗಳ ಕೈ."

ಅಪ್ಪ ಬಹಳ ಹೊತ್ತು ಸವರಿದರು. ಆಮೇಲೆ ನಿಧಾನವಾಗಿ ಮುಖವನ್ನು ನನ್ನ ಕಡೆ ತಿರುಗಿಸಿ ಕಣ್ಣು ಮುಚ್ಚಿದರು.

ಅದಾಗಿ ಕೆಲವು ವಾರಗಳ ನಂತರ ಮೆಟ್ಟಿಲಲ್ಲಿ ಕೆಳಗಿನ ಮಾಳಿಗೆಯ ಅಂಕಲ್ ಸಿಕ್ಕಿದರು. ಅವರೂ ಉಡುಪಿ ಕಡೆಯವರೇ.

"ನಾನೀಗ ಚಾಚಾನ ಹತ್ರ ಹೋಗುದಿಲ್ಲ ಮಾರಾಯ್ತಿ. ಮುಖ ತುಂಬ ಗೀರು ಮಾಡಿಕೊಂಡು ಕೂತಿದ್ದ. ಕೇಳಿದ್ರೆ, ನಂದೇ ಕೈ ನಡುಗ್ತದೆ ಅಂತ ಅವನೇ ಹೇಳಿದ. ಈಗ ಯಾರೂ ಹೋಗುದಿಲ್ಲ."

ಆ ಗೀರುಗಳು ನನ್ನವು ಎಂದು ಅಲ್ಲೇ ಹೇಳಬಹುದಿತ್ತು. ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪರ ಗಂಡಸಿಗೆ ಗಡ್ಡ ಮಾಡುತ್ತಾಳೆಂಬ ಮಾತು ಇಡೀ ಬಿಲ್ಡಿಂಗ್ ಸುತ್ತುತ್ತದೆಂದು ಹೆದರಿದೆ. ಆ ಮಾತು ಏಳಬಾರದೆಂದೇ ಚಾಚಾ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು. ಮೂವತ್ತು ವರ್ಷ ಕಾಪಾಡಿಕೊಂಡ ಕೈಯ ಹೆಸರನ್ನು ತಾವೇ ಕೆಡಿಸಿಕೊಂಡಿದ್ದರು. "ಹೌದಾ ಅಂಕಲ್" ಎಂದಷ್ಟೇ ಅಂದು ನಾನು ಮೇಲೆ ಹತ್ತಿದೆ.

ಮರುದಿನ ಅಂಗಡಿಗೆ ಹೋಗಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಕುರ್ಚಿ ಎರಡೂ ಖಾಲಿ ಇದ್ದವು.

"ನಡಗೂದು ಖರೇನ ಐತಲ್ಲ ಯವ್ವಾ. ಸುಳ್ಳ ಏನ್ ಹೇಳೀನಿ?"

ಆ ವರ್ಷವೇ ಅವರು ಅಂಗಡಿ ಬಿಟ್ಟು ಊರಲ್ಲಿದ್ದ ಮಗಳ ಮನೆಗೆ ಹೋದರು. ಕತ್ತಿ, ಕಲ್ಲು ನನ್ನಲ್ಲೇ ಉಳಿದವು. ಅಪ್ಪ ಇನ್ನೂ ಎರಡು ವರ್ಷ ಇದ್ದರು. ಒಂದು ದಿನವೂ ಅವರ ಮುಖದಲ್ಲಿ ಗಡ್ಡ ಉಳಿಯಲು ನಾನು ಬಿಡಲಿಲ್ಲ. ಕೊನೆಯ ದಿನವೂ, ಜನ ಬರುವ ಮೊದಲು, ಬಾಗಿಲು ಹಾಕಿಕೊಂಡು ನಾನೇ ಮಾಡಿದೆ. ತಣ್ಣಗಾದ ಚರ್ಮ ಕೈಗೆ ಬೇರೆಯೇ ಅನಿಸಿತು...

ಸುದ್ದಿ ತಿಳಿಸಲು ಚಾಚಾಗೆ ಫೋನ್ ಮಾಡಿದ್ದೆ. "ಒಮ್ಮೆ ಊರಿಗೆ ಬಂದು ಹೋಗವ್ವಾ" ಎಂದರು. ನಾನು ಮಲಾಡಿಗೆ ಮನೆ ಬದಲಾಯಿಸಿದೆ. ಕೆಲಸ ಹೆಚ್ಚಾಯಿತು. ಹೋದ ವರ್ಷ ರಂಜಾನ್ ಮುಗಿದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಸ್ಟೇಷನ್ನಿನ ಹೊರಗೆ ಪಟಿಕ ಕಂಡ ದಿನ ಸಂಜೆ ಚಾಚಾರ ಮಗಳಿಗೆ ಫೋನ್ ಮಾಡಿದೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ.

"ನಮ್ಮ ಅಬ್ಬಾ ಕಡೀಕ ಯಾರಿಗೂ ಗಡ್ಡ ಮುಟ್ಟಾಕ ಕೊಡ್ಲಿಲ್ರಿ" ಎಂದರು ಆಕೆ. "ಬಾಂಬೆಯಾಗ ಒಬ್ಬಾಕಿಗೆ ಕಲಿಸೀನಿ, ಆಕಿ ಬಂದು ಮಾಡ್ತಾಳ ಅಂತಿದ್ರು. ಎದಿಮಟ ಬೆಳದಿತ್ತ ನೋಡ್ರಿ."

ವಿಜಯಪುರಕ್ಕೆ ಇಲ್ಲಿಂದ ಒಂದೇ ರಾತ್ರಿಯ ದಾರಿ.

"ಒಮ್ಮೆ ಬರ್ರಿ, ಕಬರ್ ನೋಡಿ ಹೋಗೀರಂತ" ಎಂದರು.

ಬರ್ತೇನೆ ಎಂದೆ. ಚಾಚಾ ಬದುಕಿದ್ದಾಗಲೂ ಹಾಗೆಯೇ ಅಂದಿದ್ದೆ.